ರಿಸಾರ್ಟಿಗೆ ಕುಕ್ಕರ್ ಕಟ್ಟಿಕೊಂಡು ಹೋಗಬೇಕಾ?

ಅಟ್ಲಾಂಟಾದ ಕನ್ನಡದವರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದರು ಅಂದರೆ ಟೆನೆಸ್ಸಿ ಕಡೆಯ ಸ್ಮೋಕಿ ಬೆಟ್ಟಗಳ ಪ್ರವಾಸ ಗ್ಯಾರಂಟಿ. ಹೊರಡುವ ಮುಂಚೆ ನನಗೊಂದು ಫೋನ್ ಬರುತ್ತದೆ. "ರಿಸಾರ್ಟಲ್ಲಿ ಬರೀ ಸದರ್ನ್ ಊಟ ಅಂತೆ. ನಾವು ಮಾಂಸ ತಿನ್ನಲ್ಲ. ಕುಕ್ಕರ್ ಕಟ್ಟಿಕೊಂಡು ಹೋಗಬೇಕಾ?"

ಬೇಡ. ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆ ಅಂದ ತಕ್ಷಣ ಫ್ರೈಡ್ ಚಿಕನ್ ಕಣ್ಣಿಗೆ ಬರುತ್ತದೆ, ನಿಜ. ಆದರೆ ಅದೇ ಮೆನುವಿನಲ್ಲಿ ಬೆಂಡೆಕಾಯಿ, ಅಲಸಂದೆ ಕಾಳು, ಗೆಣಸು, ಹುರುಳಿಕಾಯಿ, ಮೆಕ್ಕೆಜೋಳ, ಸೊಪ್ಪು ಎಲ್ಲ ಇರುತ್ತವೆ. ಬೆಂಡೆ, ಅಲಸಂದೆ ಎರಡೂ ಗುಲಾಮರ ಸಾಗಾಟದ ಕಾಲದಲ್ಲಿ ಆಫ್ರಿಕಾದಿಂದ ಬಂದವು. ಈ ಅಡುಗೆಯ ಕೈರುಚಿಯಲ್ಲಿ ದೊಡ್ಡ ಪಾಲು ಆ ಜನರದ್ದೇ.

ತೊಂದರೆ ಇರುವುದು ಬೇಯಿಸುವ ರೀತಿಯಲ್ಲಿ. ಕಾಲರ್ಡ್ ಅಂತ ಕೋಸಿನ ಜಾತಿಯ ಒಂದು ಅಗಲ ಎಲೆಯ ಸೊಪ್ಪಿದೆ. ಅದನ್ನು ಹೊಗೆ ಹಾಕಿದ ಹಂದಿ ಮೂಳೆಯ ಜೊತೆ ಗಂಟೆಗಟ್ಟಲೆ ಕುದಿಸುವುದು ಹಳೆಯ ರೂಢಿ. ಹುರುಳಿಕಾಯಿಗೆ ಬೇಕನ್, ಅಂದರೆ ಉಪ್ಪು ಹಾಕಿದ ಹಂದಿ ಮಾಂಸ, ಬೀಳುತ್ತದೆ, ಅಲಸಂದೆಗೂ ಅಷ್ಟೇ. ಮೆನುವಿನಲ್ಲಿ "ವೆಜಿಟೆಬಲ್ ಪ್ಲೇಟ್" ಅಂತ ಕಂಡರೆ ನಮ್ಮವರು ಖುಷಿಯಾಗಿ ಬೆರಳಿಟ್ಟು ತೋರಿಸುತ್ತಾರೆ. ಅದರ ಅರ್ಥ ಮೂರು ನಾಲ್ಕು ಪಲ್ಯಗಳನ್ನು ಆರಿಸಿಕೊಳ್ಳಬಹುದು ಅಂತ, ಅಷ್ಟೇ. ಸಸ್ಯಾಹಾರ ಅಂತ ಯಾರೂ ಮಾತು ಕೊಟ್ಟಿಲ್ಲ. ಚೀಸಿನಲ್ಲಿ ಮುಳುಗಿದ ಮ್ಯಾಕರೋನಿ ಕೂಡ ಆ ತರಕಾರಿಗಳ ಪಟ್ಟಿಯಲ್ಲೇ ಇರುತ್ತದೆ!

"ಇದರಲ್ಲಿ ಹಂದಿ ಇದೆಯಾ?" ಅಂತ ಕೇಳಿದರೂ ಸಾಲದು. ಈಗ ಎಷ್ಟೋ ಕಡೆ ಹಂದಿ ಬದಲು ಹೊಗೆ ಹಾಕಿದ ಟರ್ಕಿ ಕೋಳಿ ಹಾಕುತ್ತಾರೆ. ಅವರು "ಇಲ್ಲ" ಅಂದದ್ದು ಸುಳ್ಳಲ್ಲ, ನಿಮಗೆ ಉಪಯೋಗವೂ ಇಲ್ಲ. ಹೀಗೆ ಕೇಳಿ: ಬೇಯಿಸಿದ್ದು ಯಾವುದರಲ್ಲಿ? ಮಾಂಸದ ಸ್ಟಾಕ್, ಅಂದರೆ ಮಾಂಸ ಬೇಯಿಸಿದ ನೀರು, ಹಾಕಿದ್ದೀರಾ? ಕರಿದ ಎಣ್ಣೆ ಯಾವುದು? ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ, ಹಣ್ಣಾಗದ ಟೊಮೆಟೊ ಕಾಯಿ ಬಹಳ ರುಚಿ. ಆದರೆ ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು, ಹಿಟ್ಟಿಗೆ ಮೊಟ್ಟೆಯೂ ಸೇರಿರಬಹುದು. ಬುಕ್ ಮಾಡುವಾಗಲೇ ಹೇಳಿಬಿಟ್ಟರೆ ಇನ್ನೂ ವಾಸಿ. ಸೊಪ್ಪು ಬೆಳಿಗ್ಗೆಯಿಂದಲೇ ಒಲೆಯ ಮೇಲಿರುತ್ತದೆ, ನೀವು ಟೇಬಲ್ಲಿಗೆ ಬಂದ ಮೇಲೆ ಅದರಿಂದ ಮೂಳೆ ತೆಗೆದರೆ ಏನು ಬಂತು?

ನನ್ನ ಪ್ರಕಾರ ದೊಡ್ಡವರನ್ನು ಕರೆದುಕೊಂಡು ಹೋಗಲು ಸರಿಯಾದ ಹೊತ್ತು ಬೆಳಗಿನ ತಿಂಡಿಯದ್ದು. ಗ್ರಿಟ್ಸ್ ಇರುತ್ತದೆ. ಮೆಕ್ಕೆಜೋಳವನ್ನು ತರಿತರಿಯಾಗಿ ಬೀಸಿ ಬೇಯಿಸಿದ್ದು, ಥೇಟ್ ನಮ್ಮ ಜೋಳದ ನುಚ್ಚಿನ ಹಾಗೆ. ಜಾರ್ಜಿಯಾ ರಾಜ್ಯ 2002ರಲ್ಲಿ ಇದನ್ನು ತನ್ನ ಅಧಿಕೃತ ತಿನಿಸು ಅಂತ ಸಾರಿಕೊಂಡಿದೆ. ಮಾಂಸದ ಸ್ಟಾಕಿನಲ್ಲಲ್ಲ, ನೀರಿನಲ್ಲೋ ಹಾಲಿನಲ್ಲೋ ಬೇಯಿಸಿದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಇನ್ನೊಂದು ಗುಟ್ಟು. ಅಲ್ಲಿನ ಬಿಸ್ಕೆಟ್, ಅಂದರೆ ಮೆತ್ತನೆಯ ಉಪ್ಪು ಬನ್ನು, ಕಲಸುವುದು ಮಜ್ಜಿಗೆಯಲ್ಲಿ. ಹಾಗಾಗಿ ಅಡುಗೆಮನೆಯಲ್ಲಿ ಮಜ್ಜಿಗೆ ಇರುವ ಸಾಧ್ಯತೆ ಜಾಸ್ತಿ. ಒಂದು ಲೋಟ ಕೇಳಿ ನೋಡಿ. ಗಟ್ಟಿಯಾಗಿ, ಹುಳಿಯಾಗಿರುತ್ತದೆ. ಗ್ರಿಟ್ಸಿಗೆ ಕಲಸಿ ಉಪ್ಪಿನಕಾಯಿ ನೆಂಚಿಕೊಂಡರೆ ಹುಬ್ಬಳ್ಳಿ ಕಡೆಯ ಹಿರಿಯರೂ ಮರುಮಾತಾಡುವುದಿಲ್ಲ. ಉಪ್ಪಿನಕಾಯಿ ಮಾತ್ರ ನಿಮ್ಮದೇ ಆಗಬೇಕು.

ಬಿಸ್ಕೆಟ್ಟಿಗೆ ಬೆಣ್ಣೆ ಹಾಕಿದ್ದಾರಾ, ಹಂದಿ ಕೊಬ್ಬಾ ಅಂತ ವಿಚಾರಿಸಿ. ಬಿಳಿ ಗ್ರೇವಿ ಮುಟ್ಟಬೇಡಿ, ಅದರಲ್ಲಿ ಸಾಮಾನ್ಯವಾಗಿ ಮಾಂಸದ ಸಾಸೇಜ್ ಇರುತ್ತದೆ. ಬದಲಿಗೆ ಸೋರ್ಗಮ್ ಸಿರಪ್ ಕೇಳಿ. ಟೆನೆಸ್ಸಿ ಕಡೆ ಜೋಳದ ಒಂದು ತಳಿಯ ದಂಟಿನಿಂದ ರಸ ಹಿಂಡಿ, ಕುದಿಸಿ ಮಾಡುತ್ತಾರೆ. ಬಿಸಿ ಬಿಸ್ಕೆಟ್, ಬೆಣ್ಣೆ, ಮೇಲೆ ಈ ಪಾಕ. ಪ್ಯಾನ್‌ಕೇಕ್ ಸುಮ್ನೆ ದಂಡ.

ರಾತ್ರಿ ಊಟಕ್ಕೆ ಪಿಮೆಂಟೊ ಚೀಸ್ (ಖಾರವಿಲ್ಲದ ಕೆಂಪು ಮೆಣಸಿನಕಾಯಿ ಬೆರೆಸಿದ ಚೀಸ್), ಗೆಣಸು, ಕೊನೆಗೆ ಪೀಚ್ ಕಾಬ್ಲರ್ (ಪೀಚ್ ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಕ್ ಮಾಡಿದ ಸಿಹಿ) ಸಾಕು. ಕಾಬ್ಲರ್ ಆಗಲಿ, ಪೈ ಆಗಲಿ, ತಿನ್ನುವ ಮುಂಚೆ ಮತ್ತೆ ಅದೇ ಕೊಬ್ಬಿನ ಪ್ರಶ್ನೆ ಕೇಳಬೇಕು. ಖಾರ ಬೇಕಂದವರಿಗೆ ಹಾಟ್ ಸಾಸ್ ಕೇಳಿದರೆ ಸಿಗುತ್ತದೆ. ಟೀ ಅಂದರೆ ಐಸ್ ಹಾಕಿದ, ಹಲ್ಲು ಜುಮ್ಮೆನ್ನುವಷ್ಟು ಸಿಹಿ ಟೀ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ "ಅನ್‌ಸ್ವೀಟ್" ಅಂತ ಬಾಯಿಬಿಟ್ಟು ಹೇಳಿ. ಬಿಲ್ ಬಂದಾಗ ಟಿಪ್ ಮೊದಲೇ ಸೇರಿಸಿದ್ದಾರಾ ನೋಡಿ, ದೊಡ್ಡ ಗುಂಪಾದರೆ ಎಷ್ಟೋ ಕಡೆ ಅವರೇ ಸೇರಿಸಿರುತ್ತಾರೆ. ಇಲ್ಲದಿದ್ದರೆ ಶೇಕಡಾ 18ರಿಂದ 20 ಕೊಡಿ. ಇಷ್ಟೊಂದು ಪ್ರಶ್ನೆಗೆ ನಗುನಗುತ್ತಾ ಉತ್ತರ ಕೊಟ್ಟಿದ್ದಾರೆ, ಅಲ್ವಾ?