ಗೊರಿಲ್ಲಾ ವೇಷಕ್ಕೊಂದು ಗಂಭೀರ ಸಂಗೀತ

ಶನಿವಾರ, 14 ಜೂನ್ 2025

ಮಳೆ ಬಿಡುವ ಲಕ್ಷಣ ಕಾಣದಿದ್ದುದರಿಂದ ರಾತ್ರಿ ಊಟ ಮುಗಿಸಿ 1953ರ ‘ರೋಬೋಟ್ ಮಾನ್‌ಸ್ಟರ್’ ಚಿತ್ರವನ್ನು ಮೂರನೆಯ ಸಲ ನೋಡಲು ಕುಳಿತೆ. ನಿನ್ನೆಯಷ್ಟೇ ಬಂದಿರುವ ಅಕ್ಕನ ಮಗ ಪಕ್ಕದಲ್ಲಿ ಐದು ನಿಮಿಷ ಸುಮ್ಮನೆ ನೋಡಿ, “ಮಾಮ, ಇದು ಕರಡಿಯಾ, ರೋಬೋಟಾ?” ಎಂದು ಕೇಳಿದ. ಗೊರಿಲ್ಲಾ ವೇಷದ ಮೇಲೆ ಮುಳುಗುಗಾರರ ಹೆಲ್ಮೆಟ್ಟಿನಂಥದ್ದೊಂದನ್ನು ಕೂರಿಸಿದ್ದಾರೆ ಎಂದೆ. ಆಮೇಲೆ ಅವನ ನಗು ನಿಲ್ಲಲಿಲ್ಲ.

ನಗುವುದರಲ್ಲಿ ತಪ್ಪೇನಿಲ್ಲ. ನಿರ್ದೇಶಕ ಫಿಲ್ ಟಕರ್ ಬಳಿ ರೋಬೋಟಿನ ಉಡುಪಿಗೆ ದುಡ್ಡಿರಲಿಲ್ಲ, ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತದ್ದೇ ಗೊರಿಲ್ಲಾ ವೇಷವಿತ್ತು. ಅಲ್ಲಿಗೆ ಭೂಮಿಯನ್ನು ನಾಶಮಾಡಲು ಬಂದ ಅನ್ಯಗ್ರಹದ ಜೀವಿಯ ಮೈಕಟ್ಟು ತೀರ್ಮಾನವಾಯಿತು. ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯಲ್ಲಿ ಹಳೆಯ ಕಲ್ಲುಗಣಿಯೊಂದರ ಗುಹೆಯಿದೆ. ಅದರ ಬಾಯಲ್ಲೊಂದು ಮರದ ಮೇಜು, ಮೇಜಿನ ಮೇಲೆ ರೇಡಿಯೋದಂಥ ಯಂತ್ರ, ಜೊತೆಗೆ ಎಡೆಬಿಡದೆ ಸೋಪಿನ ಗುಳ್ಳೆ ಉಗುಳುವ ಇನ್ನೊಂದು ಯಂತ್ರ. ಮನುಕುಲದಲ್ಲಿ ಎಂಟು ಮಂದಿಯನ್ನುಳಿದು ಎಲ್ಲರನ್ನೂ ಕೊಂದು ಮುಗಿಸಿದ ಪ್ರಚಂಡ ವಿಜ್ಞಾನವೆಲ್ಲ ಇಷ್ಟೇ. ಗುಳ್ಳೆಗಳು ಏಕೆ ಬೇಕಿದ್ದವೆಂಬುದನ್ನು ಮೂರನೆಯ ವೀಕ್ಷಣೆಯೂ ನನಗೆ ತಿಳಿಸಿಕೊಡಲಿಲ್ಲ.

ಆದರೆ ಇಂದು ನಾನು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ತೆರೆದು ಕುಳಿತಿದ್ದೆ, ಏಕೆಂದರೆ ಈ ಚಿತ್ರದ ಸಂಗೀತ ಎಲ್ಮರ್ ಬರ್ನ್‌ಸ್ಟೀನ್ ಅವರದು. ಮುಂದೆ 1956ರಲ್ಲಿ ‘ದಿ ಟೆನ್ ಕಮಾಂಡ್‌ಮೆಂಟ್ಸ್’ಗೂ, 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ಗೂ ಸಂಗೀತ ಕೊಟ್ಟವರು ಅವರೇ. ಅಮೆರಿಕದಲ್ಲಿ ಕಮ್ಯುನಿಸ್ಟ್ ಬೇಟೆ ನಡೆಯುತ್ತಿದ್ದ ಆ ವರ್ಷಗಳಲ್ಲಿ ಎಡಪಂಥೀಯ ಒಲವಿನ ಕಾರಣಕ್ಕೆ ದೊಡ್ಡ ಸ್ಟುಡಿಯೋಗಳ ಕೆಲಸ ಕೈತಪ್ಪಿ, ಅವರ ಪಾಲಿಗೆ ಉಳಿದದ್ದು ಇಂಥ ಚಿಲ್ಲರೆ ಚಿತ್ರಗಳು. ಹಾಗೆಂದು ಅವರು ಕೈ ಬಿಗಿಹಿಡಿದು ಬರೆಯಲಿಲ್ಲ. ಗೊರಿಲ್ಲಾ ಏದುಸಿರು ಬಿಡುತ್ತ ಗುಡ್ಡ ಹತ್ತುವಾಗ ಆ ಸಂಗೀತ ಎಲ್ಲಿಯೂ ಕಣ್ಣು ಮಿಟುಕಿಸಿ ನಗುವುದಿಲ್ಲ. ಜಗತ್ತು ನಿಜವಾಗಿ ಮುಗಿದುಹೋಗಿದೆ ಎಂದೇ ನಂಬಿದಂತಿದೆ. ಕೊಲ್ಲಬೇಕಾದ ಹುಡುಗಿಯ ಮೇಲೆ ಮನಸ್ಸಾದ ಆ ಜೀವಿ, ‘ಮಾಡಲೇಬೇಕು’ ಮತ್ತು ‘ಮಾಡಲಾರೆ’ ಎಂಬುವು ಯಾವ ಬಿಂದುವಿನಲ್ಲಿ ಸಂಧಿಸುತ್ತವೆ ಎಂದು ಲೆಕ್ಕ ಹಾಕಲು ಹೊರಡುವ ಮಾತು ಬರುತ್ತದಲ್ಲ, ಅಲ್ಲಿ ನನಗೆ ಪ್ರತಿ ಸಲವೂ ನಗುವಿನ ಜೊತೆ ಗಂಟಲು ಕೊಂಚ ಕಟ್ಟುತ್ತದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಬೇಕೆಂದೇ ಕೆಟ್ಟದಾಗಿ ತೆಗೆದ ಚಿತ್ರಗಳ ಮೇಲೆ ನನಗೆ ಈ ಅಕ್ಕರೆಯಿಲ್ಲ. ಸುಂಟರಗಾಳಿಯಲ್ಲಿ ಶಾರ್ಕ್‌ಗಳು ಊರ ಮೇಲೆ ಬೀಳುವ 2013ರ ‘ಶಾರ್ಕ್‌ನೇಡೋ’ವನ್ನು ಅರ್ಧಕ್ಕೇ ಬಿಟ್ಟೆ. ಅದರ ನಂತರ ಇನ್ನೂ ಐದು ಭಾಗಗಳು ಬಂದವು ಎಂಬುದೇ ಸಾಕು. ನಾವು ನಗುವ ಮೊದಲೇ ತಾನೇ ನಕ್ಕುಬಿಡುವವನ ಹಾಸ್ಯವನ್ನು ಎಷ್ಟು ಹೊತ್ತು ಸಹಿಸುವುದು? ಹುಲಿವೇಷದವನು ಕುಣಿಯುವಾಗ ಬಣ್ಣದಡಿಯ ಮನುಷ್ಯ ಎಲ್ಲರಿಗೂ ಕಾಣುತ್ತಾನೆ, ಆದರೆ ಅವನು ಮಾತ್ರ ತಾನು ಹುಲಿಯಲ್ಲವೆಂದು ಎಂದೂ ಒಪ್ಪಿಕೊಳ್ಳುವುದಿಲ್ಲ. ಟಕರ್ ಚಿತ್ರದಲ್ಲಿರುವುದು ಆ ಹಟ. ಅವರು ನಾಲ್ಕೇ ದಿನಗಳಲ್ಲಿ ಚಿತ್ರೀಕರಣ ಮುಗಿಸಿದರು, ಅದೂ ತ್ರೀಡಿಯಲ್ಲಿ.

ಕೊನೆಯ ಭಾಗದಲ್ಲಿ ಹುಡುಗನಿಗೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿಕೊಂಡು ಕೇಳು ಎಂದೆ. ಒಂದು ನಿಮಿಷ ಅಲುಗಾಡದೆ ಕುಳಿತಿದ್ದವನು, “ಯಾರೋ ಸಾಯ್ತಾರೆ ಅನ್ಸುತ್ತೆ, ಮಾಮ” ಎಂದು ಮೆಲ್ಲಗೆ ಹೇಳಿದ. ಬಳಿಕ ಕಣ್ಣು ಬಿಟ್ಟ. ತೆರೆಯ ಮೇಲೆ ಗೊರಿಲ್ಲಾ ಇನ್ನೂ ಓಲಾಡುತ್ತಲೇ ಇತ್ತು. ಅವನು ನಗುತ್ತ ಸೋಫಾದಿಂದ ಕೆಳಗೆ ಜಾರಿದ.