ದೇವಿಮನೆ ಘಾಟಿ ಮತ್ತು ಗೇರ್ ಎಣ್ಣೆ

ಇವತ್ತು ಮಳೆಯಲ್ಲೇ ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಬಂದೆ. ಕಾರಿನ ಮೀಟರ್ 1,40,000 ಕಿ.ಮೀ. ದಾಟಿತು, ಗೇರ್‌ಬಾಕ್ಸ್ ಇನ್ನೂ ಒಮ್ಮೆಯೂ ಬಿಚ್ಚಿಲ್ಲ. ಖುಷಿಯಾಯ್ತು.

ಕಳೆದ ವಾರ ಗೇರ್ ಆಯಿಲ್ ಬದಲಿಸಿದಾಗ ಹಳೆ ಎಣ್ಣೆ ಇಳಿಸುವ ಡ್ರೇನ್ ಬೋಲ್ಟಿನ ಆಯಸ್ಕಾಂತಕ್ಕೆ ಕಪ್ಪು ಪುಡಿ ಅಂಟಿತ್ತು. ನಾನು ಗಾಬರಿಯಾದೆ. "ಪುಡಿ ಇರ್ತದೆ ತಮ್ಮಾ, ಗೇರಿನ ಹಲ್ಲಿನ ಚೂರು ಸಿಕ್ಕಿದ್ರೆ ಹೆದರಬೇಕು" ಅಂದ್ರು ಮೆಕ್ಯಾನಿಕ್ ಅಣ್ಣ.

ಅಪ್ಪ ಕಾರು ಕಲಿಸುವಾಗ ಹೇಳ್ತಿದ್ದದ್ದು ಘಾಟಿಯುದ್ದಕ್ಕೂ ನೆನಪಾಗ್ತಿತ್ತು: ಇಳಿಜಾರಲ್ಲಿ ನ್ಯೂಟ್ರಲ್ ಬೇಡ, ಎರಡನೇ ಗೇರಲ್ಲೇ ಇಳಿ. ಕ್ಲಚ್ ಮೇಲೆ ಕಾಲಿಟ್ಟು ಓಡಿಸಬೇಡ. ಗೇರ್ ಲಿವರ್ ಮೇಲೆ ಕೈ ಊರಬೇಡ. ಆ ಕೈಭಾರ ಗೇರ್‌ಬಾಕ್ಸ್ ಒಳಗೆ ಗೇರ್ ಬದಲಿಸುವ ಫೋರ್ಕನ್ನು ಸವೆಸುತ್ತದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಪ್ಪನ ಕೈ ಮಾತ್ರ ಗೇರ್ ಬಿದ್ದ ತಕ್ಷಣ ಸ್ಟೀರಿಂಗಿಗೆ ಮರಳುತ್ತಿತ್ತು.