ಸ್ಪಂಜಿಗೆ ಅಂಗಾಂಶ ಇದೆಯೋ, ಇಲ್ಲವೋ?

ಸ್ಪಂಜುಪ್ರಾಣಿಗಳ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇವಕ್ಕೆ ಅಂಗಾಂಶವೇ ಇಲ್ಲ ಅಂತ ಪಠ್ಯಪುಸ್ತಕ ಹೇಳುತ್ತದೆ. ಮತ್ತೆ ಅಂಗಾಂಶ ಹೇಗೆ ವಿಕಾಸವಾಯಿತು ಅಂತ ತಿಳಿಯೋದಕ್ಕೆ ಇವನ್ನೇ ಯಾಕೆ ನೋಡುತ್ತೀರಿ?"

ಪರೀಕ್ಷೆಯಲ್ಲಿ "ಇಲ್ಲ" ಅಂತಲೇ ಬರೆಯಿರಿ, ಅಂಕ ಬರುತ್ತದೆ. ಆದರೆ ಅಂಗಾಂಶ ಅನ್ನುವುದು ಒಂದೇ ಗುಣವಲ್ಲ. ಕೋಶಗಳು ಒಂದಕ್ಕೊಂದು ಅಂಟಿರಬೇಕು, ನಡುವಿನ ಸಂದು ಸೋರಬಾರದು, ಕೆಳಗೆ ತಳಪೊರೆ, ಅಂದರೆ ಕೋಶಗಳು ಕೂರುವ ತೆಳುವಾದ ಪ್ರೋಟೀನ್ ಹಾಳೆ, ಇರಬೇಕು, ಒಂದು ಕೆಲಸಕ್ಕೆ ನಿಂತ ಕೋಶ ಆ ಕೆಲಸ ಬಿಡಬಾರದು. ಸ್ಪಂಜಿನಲ್ಲಿ ಇವುಗಳಲ್ಲಿ ಕೆಲವು ಇವೆ, ಕೆಲವು ಇಲ್ಲ. ಯಾವ ಗುಣ ಮೊದಲು ಬಂತು ಅಂತ ತಿಳಿಯೋದಕ್ಕೆ ನಮಗೆ ಬೇಕಾಗಿರುವುದೂ ಅದೇ.

ಮೊದಲು ದೇಹದ ರಚನೆ. ಹೊರಗೆ ಚಪ್ಪಟೆ ಪಿನಾಕೊಸೈಟ್‌ಗಳ ಹೊದಿಕೆ. ಒಳಗಿನ ಕೋಣೆಗಳಲ್ಲಿ ಚಾವಟಿಯಂಥ ಕಶಾಂಗ ಬೀಸಿ ನೀರೆಳೆಯುವ ಕೊಯನೋಸೈಟ್‌ಗಳು. ಇವೆರಡರ ನಡುವಿನ ಲೋಳೆಯಂಥ ಮೀಸೋಹೈಲ್‌ನಲ್ಲಿ, ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಆರ್ಕಿಯೊಸೈಟ್‌ಗಳು ಅಲೆದಾಡುತ್ತಿರುತ್ತವೆ. ನರ, ಸ್ನಾಯು, ಕರುಳು ಯಾವುದೂ ಇಲ್ಲ.

ಅಂಟಿನ ವಿಷಯ ಹಳೆಯದು. 1907ರಲ್ಲಿ ಪ್ರಾಣಿಶಾಸ್ತ್ರಜ್ಞ ಎಚ್. ವಿ. ವಿಲ್ಸನ್ ಮೈಕ್ರೊಸಿಯೊನ ಎಂಬ ಸ್ಪಂಜನ್ನು ರೇಷ್ಮೆಯ ಜರಡಿಬಟ್ಟೆಯಲ್ಲಿ ಹಿಂಡಿ ಬಿಡಿ ಕೋಶಗಳನ್ನಾಗಿ ಮಾಡಿದರು. ಅವು ತಾವೇ ಗುಂಪುಗೂಡಿ ಮತ್ತೆ ಸ್ಪಂಜಾದವು. ಈಗ ಕೋಶ ಬಿಡಿಸಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಸಮುದ್ರನೀರು ಬಳಸುತ್ತಾರೆ. ಕೋಶಗಳನ್ನು ಹಿಡಿದಿಡುವ ಸಕ್ಕರೆ-ಪ್ರೋಟೀನಿನ ದೊಡ್ಡ ಅಣುವಿಗೆ ಕ್ಯಾಲ್ಸಿಯಂ ಬೇಕು. ಅದು ಹೋದರೆ ಹಿಡಿತವೂ ಹೋಗುತ್ತದೆ, ಅಣು ನೀರಿಗೆ ಬರುತ್ತದೆ. ಇಲ್ಲಿ ತಣ್ಣಗಿಡುವುದು ಮುಖ್ಯ. ಚಳಿಯಲ್ಲಿ ಕೋಶ ಹೊಸ ಅಣು ತಯಾರಿಸಲಾರದು, ಹಾಗಾಗಿ ಬರೀ ಕ್ಯಾಲ್ಸಿಯಂ ಸೇರಿಸಿದರೆ ಗುಂಪು ಕಟ್ಟುವುದಿಲ್ಲ, ಅಣುವನ್ನೂ ಸೇರಿಸಿದರೆ ಕಟ್ಟುತ್ತದೆ. ಪ್ರಯೋಗ ಕೆಡುವುದು ಹೆಚ್ಚಾಗಿ ಜರಡಿಯಲ್ಲಿ ನುಸುಳಿದ ಚಿಕ್ಕ ತುಣುಕುಗಳಿಂದ: ಬಿಡಿಯಾಗದೇ ಉಳಿದ ತುಣುಕನ್ನು ಮತ್ತೆ ಸೇರಿದ ಗುಂಪು ಅಂದುಕೊಂಡುಬಿಡುತ್ತೇವೆ. ಬಿಡಿಸಿದ ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿಬಿಟ್ಟರೆ ಈ ತಾಪತ್ರಯವಿಲ್ಲ. ಕೋಶಗಳು ತೀರಾ ದಟ್ಟವಾಗಿದ್ದರೂ ಆಮ್ಲಜನಕ ಸಾಲದೆ ಸಾಯುತ್ತವೆ.

ಸಂದು ಮುಚ್ಚಿದೆಯೇ? ಇದನ್ನು ನೋಡಲು ಎಫಿಡೇಷಿಯ ಮುಲ್ಲೆರಿಯಂಥ ಸಿಹಿನೀರಿನ ಸ್ಪಂಜು ಅನುಕೂಲ. ಇದರ ಸುಪ್ತ ಮೊಗ್ಗುಗಳನ್ನು, ಅಂದರೆ ಜೆಮ್ಯೂಲ್‌ಗಳನ್ನು, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಂಗಳುಗಟ್ಟಲೆ ಇಡಬಹುದು. ಬೆಳೆಸುವಾಗ ಶೇ. 1ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಐದು ನಿಮಿಷ ತೊಳೆದು, ಶುದ್ಧ ನೀರಲ್ಲಿ ಜಾಲಿಸಿ, ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್, ಸೋಡಿಯಂ ಬೈಕಾರ್ಬೊನೇಟ್, ಪೊಟ್ಯಾಸಿಯಂ ಕ್ಲೋರೈಡ್, ಸೋಡಿಯಂ ಸಿಲಿಕೇಟ್ ಇರುವ ತೆಳು ದ್ರಾವಣದಲ್ಲಿ ಬಿಡಬೇಕು. ಸುಮಾರು ಒಂದು ವಾರದಲ್ಲಿ ನೀರು ಹೊರಬಿಡುವ ಬಾಯಿ ಮೂಡುತ್ತದೆ. ಸಿಲಿಕೇಟ್ ಮರೆತರೆ ದೇಹಕ್ಕೆ ಆಧಾರವಾಗುವ ಗಾಜಿನಂಥ ಮುಳ್ಳುಗಳು ಹುಟ್ಟುವುದಿಲ್ಲ. ಜೆಮ್ಯೂಲ್‌ಗಳನ್ನು ಒತ್ತೊತ್ತಾಗಿ ಇಟ್ಟರೆ ಮರಿಗಳು ಕೂಡಿಕೊಂಡು ಒಂದೇ ಆಗುತ್ತವೆ. ತಟ್ಟೆ ಅಲುಗಾಡಿದರೆ ತಳಕ್ಕೆ ಅಂಟುವುದಿಲ್ಲ.

ಸಿಹಿನೀರಿನ ಸ್ಪಂಜುಗಳನ್ನು ರಂಧ್ರಗಳಿರುವ ಪೊರೆಯ ಮೇಲೆ ಬೆಳೆಸಿ ವಿದ್ಯುತ್ ರೋಧ ಅಳೆದರೆ ಅದು ಹೆಚ್ಚೇ ಬರುತ್ತದೆ ಅಂತ ಸ್ಪಂಜುಗಳ ಸಂಶೋಧಕಿ ಸ್ಯಾಲಿ ಲೇಯ್ಸ್ ಅವರ ತಂಡ 2010ರಲ್ಲಿ ತೋರಿಸಿತು. ಸಂದಿನಲ್ಲಿ ಅಯಾನುಗಳು ನುಸುಳಿದರೆ ರೋಧ ಕಡಿಮೆ ಬರಬೇಕಿತ್ತು. ಅಂದರೆ ಹೊದಿಕೆ ಸೋರುವುದಿಲ್ಲ, ಕೆಲಸದಲ್ಲಿ ಅದು ಅನುಲೇಪಕ (ಮೈ ಹೊದಿಸುವ) ಅಂಗಾಂಶವೇ. ನನ್ನ ಮಟ್ಟಿಗೆ ಪಠ್ಯದ "ಇಲ್ಲ"ಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಡ.

ಅದೇ ವರ್ಷ ಗ್ರೇಟ್ ಬ್ಯಾರಿಯರ್ ರೀಫ್‌ನ ಆಂಫಿಮೆಡಾನ್ ಕ್ವೀನ್ಸ್‌ಲ್ಯಾಂಡಿಕ ಎಂಬ ಸ್ಪಂಜಿನ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹ, ಪ್ರಕಟವಾಯಿತು. ನಮ್ಮ ಅಂಗಾಂಶಗಳನ್ನು ಹಿಡಿದಿಡುವ ಕ್ಯಾಡ್‌ಹೆರಿನ್, ಬೀಟಾ-ಕ್ಯಾಟೆನಿನ್ ಪ್ರೋಟೀನುಗಳ ಜೀನ್‌ಗಳು ಅದರಲ್ಲಿವೆ. ನರಕೋಶವೇ ಇಲ್ಲದ ಪ್ರಾಣಿಯಲ್ಲಿ ನರಸಂಧಿಯ ಪ್ರೋಟೀನುಗಳ ಜೀನ್‌ಗಳೂ ಸಿಕ್ಕಿದವು.

ಇನ್ನು ಇಲ್ಲದ್ದು ಯಾವುದು? ಕೋಶ ಒಂದೇ ಕೆಲಸಕ್ಕೆ ನೆಲೆ ನಿಲ್ಲುವುದು. ಆಂಫಿಮೆಡಾನ್ ಲಾರ್ವಾದ (ಈಜಾಡುವ ಮರಿಯ) ಹೊರಪದರದ ಕೋಶಗಳಿಗೆ ಬಣ್ಣದ ಗುರುತು ಹಾಕಿ ಹಿಂಬಾಲಿಸಿದಾಗ, ಲಾರ್ವಾ ನೆಲಕ್ಕೆ ಕೂತ ಮೇಲೆ ಅವು ಒಳಕ್ಕೆ ಸರಿದು ಬೇರೆ ಬೇರೆ ಬಗೆಯ ಕೋಶಗಳಾದದ್ದು ಕಂಡಿತು (2014). ನಮ್ಮಲ್ಲಿ ಭ್ರೂಣದ ಹೊರಪದರ ಚರ್ಮಕ್ಕೆ, ಒಳಪದರ ಕರುಳಿಗೆ ಅಂತ ಮೊದಲೇ ತೀರ್ಮಾನವಾಗಿರುತ್ತದೆ. ಇಲ್ಲಿ ಆ ಕಟ್ಟುಪಾಡಿಲ್ಲ. ಬೆಳೆದ ಮೇಲೂ ಕೊಯನೋಸೈಟ್ ಆರ್ಕಿಯೊಸೈಟ್ ಆಗಬಲ್ಲದು, ಆರ್ಕಿಯೊಸೈಟ್ ಕೊಯನೋಸೈಟ್ ಆಗಬಲ್ಲದು. ಪದರ ಕಟ್ಟುವ ಸಾಮರ್ಥ್ಯ ಮೊದಲು, ಪದರಕ್ಕೆ ಕೋಶ ಬದ್ಧವಾಗುವುದು ಆಮೇಲೆ ಎಂಬ ಊಹೆಗೆ ಇದು ಒಳ್ಳೆಯ ಆಧಾರ.

ಊಹೆ ಅಂದದ್ದಕ್ಕೆ ಕಾರಣವಿದೆ. ಉಳಿದೆಲ್ಲ ಪ್ರಾಣಿಗಳಿಂದ ಮೊದಲು ಕವಲೊಡೆದದ್ದು ಸ್ಪಂಜಲ್ಲ, ನರ-ಸ್ನಾಯು ಎರಡೂ ಇರುವ ಬಾಚಣಿಗೆ ಜೆಲ್ಲಿ ಎಂಬ ಸಮುದ್ರಪ್ರಾಣಿ ಎಂದು ವರ್ಣತಂತುಗಳ ಮೇಲಿನ ಜೀನ್ ಜೋಡಣೆಯನ್ನು ಹೋಲಿಸಿದ 2023ರ ಅಧ್ಯಯನ ಹೇಳಿತು. ಈ ಜಗಳ ಮುಗಿದಿಲ್ಲ. ಅದು ನಿಜವಾದರೆ ಸ್ಪಂಜಿನ ಸರಳತೆಯಲ್ಲಿ ಒಂದು ಪಾಲು ಇದ್ದದ್ದನ್ನು ಕಳೆದುಕೊಂಡದ್ದಿರಬಹುದು. ತಳಪೊರೆಯ ಮುಖ್ಯ ಪ್ರೋಟೀನಾದ ನಾಲ್ಕನೇ ಬಗೆಯ ಕೊಲಾಜನ್ ಬಾಚಣಿಗೆ ಜೆಲ್ಲಿಗಳಲ್ಲಿದೆ, ಸ್ಪಂಜುಗಳಲ್ಲೇ ಹೋಮೋಸ್ಕ್ಲೆರೊಮಾರ್ಫ ಗುಂಪಿನಲ್ಲಿ ತಳಪೊರೆಯ ಸಮೇತ ಇದೆ, ಆದರೆ ಆಂಫಿಮೆಡಾನ್‌ನಲ್ಲಿ ಕಾಣುವುದಿಲ್ಲ.